ಮಾಳಿಗೆಯಿಲ್ಲದ ಗುಡಿಯಲ್ಲಿ ಮೈಮುನಾ

"ನಾ ನೀರು ಎರದ ಕೂಸುಗಳು ಈಗ ಬಸ್ ಓಡಸ್ತಾವು, ಸಾಲಿ ಕಲಸ್ತಾವು, ದಾರ್‍ಯಾಗ ಸಿಕ್ರ ಗುರ್ತೂ ಹಿಡಿಯೂದಿಲ್ಲ. ಎಲ್ಲಾವೂ ನನ್ನ ಕಾಲಮ್ಯಾಲೆ ಉಚ್ಚಿ ಹೊಯ್ದಾವ್ರೀ ಅಕ್ಕಾ! ನಮ್ಮೂರಾಗ ಹುಟ್ಟಿದ ಕೂಸು ಮೊದಲು ಮುಗಿಲು ನೋಡೂದು ಅಕ್ಕತಂಗೇರ ಗುಡ್ಯಾಗ. ದವಾಖಾನಿಂದ ಬರಾಗೂ ಮಾರಿ ಮ್ಯಾಲೆ ಅರಿವಿ ಮುಚ್ಚೇ ತರತೇವಿ. ಯಾಕಂದ್ರ ಆ ಗುಡಿಗೆ ಮಾಳಗಿ ಇಲ್ಲ. ಸುತ್ತ ಗ್ವಾಡಿ, ಗ್ವಾಡಿಗುಂಟ ಕಲ್ಲಿನ ತಾಯಂದಿರು, ನಡುವ ಬಯಲು. ಯಾವ ಕಾಲದ್ದೋ ಏನೋ. ಅಲ್ಲಿ ನೀರು ಎರಿಯಾಕೀನ ಕೂಸಿನ್ನ ಎತ್ತಿ ಮುಗಿಲು ತೋರಸಬೇಕು. ನಮ್ಮವ್ವ ತೋರಿಸಿದಳು, ನಾನೂ ತೋರಿಸ್ಕೋಂತ ಬಂದೇನಿ."

ಪರವೂರಿನಿಂದ ಬಂದ ಹೆಂಗಸೊಬ್ಬಳಿಗೆ ಇಷ್ಟು ಹೇಳುವಾಗ ಮೈಮುನಾ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದಳು. ಹೋದ ಚಳಿಗಾಲದಿಂದ ಅವು ನಡುಗುತ್ತವೆ.

ಶಾಂತಯ್ಯನವರ ಮಗಳು ಸೌಮ್ಯಾ ಧಾರವಾಡದಲ್ಲಿ ಹೆತ್ತು ತವರಿಗೆ ಬಂದಿದ್ದಳು. ಹಿಂದೆ ಸೌಮ್ಯಾಳನ್ನು ಎರೆದವಳೂ ಮೈಮುನಾನೇ, ಈಗ ಅವಳ ಮಗಳನ್ನು ಎರೆಯುವವಳೂ ಅವಳೇ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಗುಡಿಯ ನೆಲವೆಲ್ಲ ಕಲ್ಲು. ಎತ್ತಿ ಹಿಡಿದ ಕೈ ಜಾರಿದರೆ? ಸೌಮ್ಯಾಳ ತಾಯಿ ಶಿವಬಸವ್ವ ಗುಡಿಗೆ ಹೋಗುವ ಹಿಂದಿನ ಸಂಜೆಯೇ ಬಾಯಿಬಿಟ್ಟಳು.

"ಮೈಮುನಕ್ಕಾ, ಸಿಟ್ಟಾಗಬ್ಯಾಡ್ರಿ. ನಾಳಿ ನಮ್ಮ ಸೊಸಿ ಕಾವೇರಿ ಎತ್ತಲಿ. ನೀವು ಬಾಜೂಕ ನಿಂದರ್ರಿ."

"ಕಾವೇರಿನಾ? ತುಂಬಿದ ಕೊಡಾ ಅರ್ಧಾ ಚೆಲ್ಲಿ ಮನಿಗೆ ಬರ್ತಾಳ ಆಕಿ!"

ಕಾವೇರಿಯೂ ನಕ್ಕಳು. ನಗು ನಿಂತ ಮೇಲೆ ಮೈಮುನಾ, "ನೀ ಅನ್ನೂದೂ ಖರೇ ಐತಿ" ಎಂದು ಚಪ್ಪಲಿ ಮೆಟ್ಟಿ ನಡೆದಳು.

ಬೆಳಿಗ್ಗೆ ಗುಡಿಗೆ ಹೋದಾಗ ಅವಳು ಬಾಗಿಲ ಹತ್ತಿರವೇ ನಿಂತಳು. ಕಾವೇರಿ ನಡುಬಯಲಿಗೆ ಹೋಗಿ, ಇನ್ನೇನು ಕೂಸನ್ನು ಎತ್ತಬೇಕು.

"ತಡೀವಾ."

ಮೈಮುನಾ ಬಂದು ಕಲ್ಲಿನ ಮೇಲೆ ಕುಳಿತಳು, ಸೀರೆ ಸರಿಪಡಿಸಿಕೊಂಡು ಎರೆಯುವಾಗ ಚಾಚುವ ಹಾಗೆ ಎರಡೂ ಕಾಲು ಚಾಚಿದಳು. "ಇಲ್ಲಿ ಮಲಗಸು."

"ಎತ್ತಿ ತೋರಸೂದಲ್ಲೇನ್ರಿ ಪದ್ಧತಿ?" ಎಂದಳು ಶಿವಬಸವ್ವ.

"ಎತ್ತೂದ್ಯಾಕ? ನಡುವ ಮಾಳಗಿ ಏನರ ಅಡ್ಡ ಐತೇನು? ಕೈ ನಡಗ್ತಾವು ಶಿವಬಸವ್ವಾ, ಕಾಲು ನಡಗೂದಿಲ್ಲ."

ಶಿವಬಸವ್ವ ಸುತ್ತಲಿನ ತಾಯಂದಿರ ಕಡೆ ಒಮ್ಮೆ ನೋಡಿದಳು. ಆಮೇಲೆ ತಾನೇ ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡು ಆ ಕಾಲುಗಳ ಮೇಲೆ ಮಲಗಿಸಿದಳು. ಸೌಮ್ಯಾ ಬಗ್ಗಿ ಮುಖ ಮುಚ್ಚಿದ್ದ ಕುಂಚಿಗೆ ಬಿಚ್ಚಿದಳು. ಬೆಳಕಿಗೆ ಕೂಸು ಕಣ್ಣು ಕಿವುಚಿತು, ಸೀನಿತು, ಮತ್ತೆ ಕಣ್ಣು ಬಿಟ್ಟಿತು. ಮೇಲೆ ಮೋಡವೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಅಷ್ಟು ಖಾಲಿಯನ್ನೇ ಬಹಳ ಹೊತ್ತು ನೋಡಿತು. ಆಮೇಲೆ ಮೈಮುನಾಳ ಸೀರೆ ಒದ್ದೆಯಾಯಿತು.

"ಆತು ನೋಡ್ರಿ, ಇದೂ ಲೆಕ್ಕಕ್ಕ ಬಂತು!" ಎಂದು ಅವಳೇ ಎಲ್ಲರಿಗಿಂತ ಮೊದಲು ನಕ್ಕಳು.

ಮನೆಗೆ ಬರುವಷ್ಟರಲ್ಲಿ ಹಂಡೆಯ ನೀರು ಕಾದಿತ್ತು. ಮೈಮುನಾ ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸಿನ ನೆತ್ತಿಗೆ ಎಣ್ಣೆ ತಟ್ಟಿದಳು. ಕಾವೇರಿ ತಣ್ಣೀರು ಬೆರೆಸಿ ತಂಬಿಗೆ ಎತ್ತಿದಳು.

"ಸಣ್ಣಗ ಹಾಕವಾ. ಹೊಲಕ್ಕ ನೀರು ಬಿಡಾಕತ್ತೀಯೇನು?"

ಕಾವೇರಿ ಧಾರೆ ಸಣ್ಣದು ಮಾಡಿದಳು.