ಜವಳಿ ಅಂಗಡಿಯಲ್ಲಿ ಉಬ್ಬಸದ ಮಾತುಕತೆ

ಮದುವೆಗೆ ಜವಳಿ ತೆಗೆಯುವ ದಿನ ಎರಡೂ ಕಡೆಯವರು ಒಟ್ಟಿಗೆ ಕೂರಬೇಕು, ಅದು ನಮ್ಮ ಕಡೆಯ ರೂಢಿ. ಬಿಳಿ ಹಾಸಿನ ಒಂದು ಬದಿಗೆ ಹೆಣ್ಣಿನವರು, ಇನ್ನೊಂದು ಬದಿಗೆ ಗಂಡಿನವರು, ನಡುವೆ ಬಿಚ್ಚಿ ಹಾಕಿದ ಸೀರೆಗಳ ರಾಶಿ. ಅಂದು ಯಾರು ಯಾವ ಸೀರೆಗೆ ಮೂಗು ಮುರಿದರು ಎನ್ನುವುದನ್ನು ನಮ್ಮ ಹೆಂಗಸರು ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಅದಕ್ಕೇ ನಮ್ಮ ನೆಂಟರಲ್ಲಿ ಯಾರು ಜವಳಿಗೆ ಹೊರಟರೂ ಮೊದಲು ನನಗೆ ಹೇಳಿ ಕಳಿಸುತ್ತಾರೆ. ಇವಳಿದ್ದರೆ ಬೆಲೆಯೂ ಇಳಿಯುತ್ತದೆ, ಜಗಳವೂ ಇಳಿಯುತ್ತದೆ ಎಂಬ ನಂಬಿಕೆ.

ನಾನು ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಗಂಡಸಿ, ಬಾಣಾವರ, ಬಸ್ತಿಹಳ್ಳಿ ಎಂದು ಬಾಗಿಲು ಬಾಗಿಲು ಸುತ್ತಿದವಳು. ಆಮೇಲೆ ಅರಸೀಕೆರೆಯಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಎದುರಿನವರ ಮಾತನ್ನು ಕೇಳಿ, ಆದರೆ ಮಾತಿನ ಮಧ್ಯೆ ಅವರು ಎಲ್ಲಿ ತಡೆಯುತ್ತಾರೆ ಎನ್ನುವುದನ್ನು ಅದಕ್ಕಿಂತ ಚೆನ್ನಾಗಿ ಕೇಳಿ. ತಡೆದ ಜಾಗದಲ್ಲಿ ಏನೋ ಇರುತ್ತದೆ.

ಅಂದು ನನ್ನ ಕಿವಿಗೆ ಬಿದ್ದದ್ದು ಅಂಥದ್ದೇ ಒಂದು ತಡೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳೇಬೀಡಿನಲ್ಲಿದ್ದ ನನ್ನ ಅಕ್ಕನ ಮಗಳಿಗೆ ಬೇಲೂರಿನ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಹುಡುಗ ಹೈಸ್ಕೂಲಿನಲ್ಲಿ ಗುಮಾಸ್ತ. ಅವನ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ತಾಯಿಯೇ ಮನೆಯ ಯಜಮಾನಿಕೆ ನಡೆಸಿಕೊಂಡು ಬಂದಿದ್ದರು. ಮಾತು ಕಮ್ಮಿ, ಕಣ್ಣು ಚುರುಕು. ನಮ್ಮ ಹುಡುಗಿಯನ್ನು ಅವರು ನೋಡಿದ ಕೂಡಲೇ ಒಪ್ಪಿದ್ದರು. ಆದರೆ ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ ಇದೆ ಎನ್ನುವುದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿಬಿಡು ಎಂದು ನಾನು ಒತ್ತಾಯಿಸಿದಾಗ ಅಕ್ಕ, "ನೀನು ಪಾತ್ರೆ ಮಾರು, ನನ್ನ ಮಗಳ ವಿಷಯ ನಂಗೆ ಬಿಡು ಕಣೇ" ಎಂದು ಬಾಯಿ ಮುಚ್ಚಿಸಿದ್ದಳು. ಅರಸೀಕೆರೆಯ ಒಬ್ಬ ಡಾಕ್ಟರಮ್ಮ ಬಾಯಿಗಿಟ್ಟು ಎಳೆದುಕೊಳ್ಳುವ ಎರಡು ಔಷಧಿಯ ಪಂಪು ಕೊಟ್ಟಿದ್ದರು, ದಿನವೂ ತೆಗೆದುಕೊಳ್ಳಲು ಒಂದು, ಉಸಿರು ಬಿಗಿದಾಗ ಇನ್ನೊಂದು; ಅವುಗಳಿಂದ ಹುಡುಗಿ ಕೆಲವು ವರ್ಷಗಳಿಂದ ಆರಾಮಾಗಿಯೇ ಇದ್ದಳು. ಕಾಲೇಜಿಗೆ ಹೋಗಿ ಬಂದಳು, ಸೈಕಲ್ ತುಳಿದಳು, ಹೀಗೊಂದು ಕಾಯಿಲೆ ಇದೆ ಎಂದು ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದ್ದನ್ನು ಯಾಕೆ ಹೇಳಬೇಕು ಎನ್ನುವುದು ಅಕ್ಕನ ಲೆಕ್ಕ.

ಅರಸೀಕೆರೆಯ ಜವಳಿ ಅಂಗಡಿ, ಸಂಜೆಯ ಹೊತ್ತು. ಹುಡುಗನ ತಾಯಿ ಎರಡು ಸೀರೆಗಳನ್ನು ಮುಂದೆ ಸರಿಸಿ, "ನಿನಗೆ ಯಾವುದು ಬೇಕು ಹೇಳಮ್ಮ, ಉಡೋಳು ನೀನು" ಎಂದರು.

"ಆ ಹಸಿರು..." ಎಂದು ಹುಡುಗಿ ನಿಲ್ಲಿಸಿದಳು. ಉಸಿರು ಎಳೆದುಕೊಂಡು, "ಚೆನ್ನಾಗಿದೆ" ಎಂದಳು.

ನಾಚಿಕೆ ಎಂದು ಎಲ್ಲರೂ ನಕ್ಕರು. ನಾಚಿಕೆಗೆ ಭುಜ ಮೇಲೇಳುವುದಿಲ್ಲ. ನಾನು ಸರಿದು ಅವಳ ಪಕ್ಕಕ್ಕೆ ಹೋದೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತೆಂದು ಅಂಗಡಿಯ ಯಜಮಾನರು ಸಾಂಬ್ರಾಣಿಯ ಹೊಗೆ ಹಿಡಿದು ಕಪಾಟು ಕಪಾಟಿಗೂ ತೋರಿಸುತ್ತ ನಮ್ಮ ಕಡೆಗೇ ಬಂದರು. ಹುಡುಗಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಎದೆಯೊಳಗಿನ ಸುಯ್ ಸುಯ್ ಸದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ಪಂಪು ಎಲ್ಲೇ?" ಎಂದೆ. ಅವಳು ತನ್ನ ತಾಯಿಯ ಮುಖ ನೋಡಿದಳು.

ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮನೇಲೈತೆ. ಬಿಡಿಸ್ತಾ ಇವ್ನಿ ಕಣೇ. ಅತ್ತೆ ಮನೆಗೆ ಹೋಗೋ ಹೊತ್ಗೆ ಅದರ ಚಾಳಿ ತಪ್ಪಬೇಕು. ಮಗೀಗೆ ಎದೆ ಹಾಲು ಬಿಡಿಸಲ್ವಾ, ಹಂಗೆ."

"ದಿನದ್ದೂ ಬಿಡಿಸಿದೀಯಾ?"

"ಎರಡೂ. ಚೆನ್ನಾಗೇ ಇದ್ಲಲ್ಲ!"

ಅಲ್ಲಿ ಕೂತು ವಾದ ಮಾಡುವಂತಿರಲಿಲ್ಲ. ಹುಡುಗನ ತಾಯಿ, "ಏನಾಯ್ತು?" ಎಂದು ಮುಂದೆ ಬಂದರು. "ಏನಿಲ್ಲ ಬೀಗ್ರೇ, ಹೊಗೆ ಆಗ್ಬರಲ್ಲ ಅಷ್ಟೇಯ" ಎಂದಳು ಅಕ್ಕ. ಹುಡುಗಿ ಆ ತಾಯಿಯ ಕೈ ಹಿಡಿದುಕೊಂಡಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಕೂಡಿಸಿಕೊಂಡು ಹೇಳಿದಳು: "ಅತ್ತೆ... ನಂಗೆ... ಉಬ್ಬಸ."

ನಾನು ಹುಡುಗನಿಗೆ, "ಒಂದು ಆಟೋ ಕರ್ಕೊಂಡು ಬಾರಪ್ಪ, ನೋಡ್ತಾ ನಿಂತ್ಕೋಬೇಡ" ಎಂದೆ. ಅವನು ಚಪ್ಪಲಿ ಮೆಟ್ಟದೆಯೇ ಬೀದಿಗೆ ಓಡಿದ. ಹುಡುಗನ ತಾಯಿಗೆ, "ನೀವೂ ಬನ್ನಿ, ನಾವು ಹೇಳೋದು ಬೇಡ, ಡಾಕ್ಟ್ರು ಬಾಯಲ್ಲೇ ಕೇಳಿ" ಎಂದೆ. ಮುಚ್ಚಿಟ್ಟವರ ಬಾಯಿಂದ ಬಂದ ಸತ್ಯಕ್ಕೆ ಬೆಲೆ ಅರ್ಧವೂ ಬರುವುದಿಲ್ಲ, ಇದು ವ್ಯಾಪಾರದಲ್ಲಿ ಕಲಿತದ್ದು.

ಆಟೋದಲ್ಲಿ ಅದೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆವು. ಅವರು ಹುಡುಗಿಯನ್ನು ನೋಡಿದ ಕೂಡಲೇ ಮೂಗು ಬಾಯಿಗೆ ಮಾಸ್ಕ್ ಇಟ್ಟು, ಔಷಧಿಯನ್ನು ಆವಿಯಂತೆ ಬಿಡುವ ಯಂತ್ರ ಹಾಕಿದರು. ಒಂದು ಸಲ ಆಯಿತು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಮತ್ತೆ ಹಾಕಿದರು. ಭುಜ ನಿಧಾನವಾಗಿ ಕೆಳಗಿಳಿಯಿತು. ಇನ್ನಷ್ಟು ತಡ ಮಾಡಿದ್ದರೆ ಹಾಸನಕ್ಕೆ ಕಳಿಸಬೇಕಾಗುತ್ತಿತ್ತು ಎಂದರು. ವಾಕ್ಯ ಪೂರ್ತಿ ಆಡಲಾಗದೆ ಒಂದೊಂದೇ ಮಾತು ಆಡುತ್ತಿದ್ದರೆ ಮನೆಯಲ್ಲಿ ಕೂರಲೇಬಾರದು, ಆಸ್ಪತ್ರೆಗೆ ಹೊರಡಬೇಕು. ಈ ಮಾತನ್ನು ನಾನು ಅಂದಿನಿಂದ ಅಂಗಡಿಗೆ ಬರುವ ಎಷ್ಟೋ ತಾಯಂದಿರಿಗೆ ಪಾತ್ರೆ ಕಟ್ಟಿಕೊಡುತ್ತಲೇ ಹೇಳಿದ್ದೇನೆ.

"ದಿನದ ಪಂಪು ಯಾಕೆ ನಿಲ್ಲಿಸಿದ್ರಿ?" ಡಾಕ್ಟರಮ್ಮ ಅಕ್ಕನನ್ನು ಕೇಳಿದರು.

"ಚೆನ್ನಾಗಿದ್ಲಲ್ಲ ಡಾಕ್ಟ್ರೇ."

"ಚೆನ್ನಾಗಿದ್ದಿದ್ದೇ ಅದರಿಂದ ಕಣಮ್ಮ!"

ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಮೇಜಿನ ಮೇಲೆ ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ಉಬ್ಬಸಕ್ಕೆ ದೊಡ್ಡವರಿಗೆ ಹೇಗೆ, ಮಕ್ಕಳಿಗೆ ಹೇಗೆ ಎಂದು ಡಾಕ್ಟರುಗಳೇ ಕೂತು ಮಾಡಿಕೊಂಡ ಕ್ರಮ ಅದರಲ್ಲಿದೆಯಂತೆ. ಉಬ್ಬಸದವರ ಶ್ವಾಸನಾಳದ ಒಳಗೆ ಊತ ಇರುತ್ತದೆ, ಹಾಯಾಗಿದ್ದಾಗಲೂ ಇರುತ್ತದೆ. ದಿನದ ಪಂಪು ಆ ಊತ ಇಳಿಸುವುದಕ್ಕೆ. ಅದರ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಎಳೆದುಕೊಂಡ ಕೂಡಲೇ ಹಾಯೆನಿಸುವುದೂ ಇಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಇನ್ನೊಂದು, ನೀಲಿ ಬಣ್ಣದ ಪಂಪು, ಬಿಗಿದ ನಾಳವನ್ನು ಆ ಕ್ಷಣಕ್ಕೆ ಸಡಿಲಿಸುವುದಕ್ಕೆ; ಅದು ಸದಾ ಹತ್ತಿರ ಇರಬೇಕು, ಆದರೆ ಪದೇ ಪದೇ ಬೇಕಾಗುತ್ತಿದೆ ಎಂದರೆ ಕಾಯಿಲೆ ಹಿಡಿತದಲ್ಲಿಲ್ಲ ಎಂದರ್ಥ. ಚಿಕ್ಕ ಮಕ್ಕಳಿಗಾದರೆ ಪಂಪಿನ ಮುಂದೆ ಸ್ಪೇಸರ್ ಎನ್ನುವ ಪ್ಲಾಸ್ಟಿಕ್ ಬುರುಡೆ ಸೇರಿಸಿ, ಅದಕ್ಕೆ ಮಾಸ್ಕ್ ಇಟ್ಟು ಕೊಡಬೇಕು. ಡೋಸು ಏರಿಸುವುದು, ಇಳಿಸುವುದು ಮೆಟ್ಟಿಲು ಹತ್ತಿ ಇಳಿದ ಹಾಗೆ, ಅದೂ ಡಾಕ್ಟರು ನೋಡಿ ಮಾಡಬೇಕೇ ಹೊರತು ಮನೆಯವರಲ್ಲ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಡಾಕ್ಟ್ರೇ, ಮದುವೆ ಮನೆ, ಗಲಾಟೆ. ದಿನದ ಪಂಪು ಎರಡು ಹೊತ್ತಿನ ಬದಲು ಒಂದೇ ಹೊತ್ತು ಮಾಡಿಕೊಡಿ."

"ಇದು ಪಾತ್ರೆ ಅಂಗಡಿ ಅಲ್ಲ ಕಣಮ್ಮ. ಚೌಕಾಸಿ ಮಾಡಲೇಬೇಕು ಅಂದ್ರೆ ಹೊಗೆ ಹತ್ರ ಮಾಡಿ, ಧೂಳಿನ ಹತ್ರ ಮಾಡಿ. ಔಷಧಿ ಹತ್ರ ಬೇಡ."

ಹುಡುಗನ ತಾಯಿ ಮೇಜಿನ ಕಡೆ ಬಗ್ಗಿದರು. "ಇದು ಅಂಟೋ ಕಾಯಿಲೆನಾ?" ಅಲ್ಲ ಎಂದರು ಡಾಕ್ಟರಮ್ಮ. "ಮಕ್ಕಳಾಗೋಕೆ ತೊಂದರೆ?" ಇಲ್ಲ, ಬಸುರಿಯಾದಾಗಲೂ ಔಷಧಿ ನಿಲ್ಲಿಸಬಾರದು, ನಿಲ್ಲಿಸಿದರೇ ತೊಂದರೆ. "ಹುಟ್ಟೋ ಮಗುಗೂ ಬರುತ್ತಾ?" ಬರಬಹುದು, ಬರದೆಯೂ ಇರಬಹುದು, ಬಂದರೆ ನೋಡಿಕೊಳ್ಳುವ ದಾರಿ ಇದೆ. ಅಕ್ಕ ಸೆರಗಿನಲ್ಲಿ ಮುಖ ಒತ್ತಿಕೊಂಡು ಅಳುತ್ತಿದ್ದಳು. ಮಗಳ ಉಸಿರು ಉಳಿಯಿತು, ಮದುವೆ ಹೋಯಿತು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಕ್ಲಿನಿಕ್ಕಿನ ಜಗುಲಿಯ ಬೆಂಚಿನ ಮೇಲೆ ಕೂತೆವು. ಉಸಿರು ಪೂರ್ತಿ ಸರಿಯಾಗುವವರೆಗೆ ಹುಡುಗಿಯನ್ನು ಕಳಿಸುವುದಿಲ್ಲ ಎಂದಿದ್ದರು. ಹುಡುಗನ ತಾಯಿ ನಮ್ಮ ಕಡೆ ತಿರುಗಿ, "ಮುಚ್ಚಿಟ್ಟಿದ್ದು ಸರಿಯಲ್ಲ" ಎಂದರು. ಸರಿಯಲ್ಲ ಎಂದು ನಾನೂ ಒಪ್ಪಿಕೊಂಡೆ. ಎದುರಿನವರ ನ್ಯಾಯವಾದ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ನಮ್ಮದು ಕೇಳಬೇಕು.

"ಬೀಗ್ರೇ, ಈಗ ಮುಚ್ಚಿಡೋದೇನೂ ಉಳಿದಿಲ್ಲ. ಬೇಡ ಅನ್ನೋದಾದ್ರೆ ಇಲ್ಲೇ ಅಂದ್ಬಿಡಿ, ನಮಗೆ ಸಿಟ್ಟಿಲ್ಲ. ಬೇಕು ಅನ್ನೋದಾದ್ರೆ ಹೊಗೆ ವಿಷಯ ಮಾತಾಡಾಣ."

"ಹೊಗೆ ಏನು ಮಾತಾಡೋದು?"

"ಬಚ್ಚಲ ಹಂಡೆ ಒಲೆಗೆ ಅವಳು ಉರಿ ಹಾಕೋಹಂಗಿಲ್ಲ."

"ನಮ್ಮನೇಲಿ ಬೆಳಗಾದ್ರೆ ಬಿಸಿನೀರು ಬೇಕು. ನನಗೆ ಬಗ್ಗಿ ಊದೋಕಾಗಲ್ಲ, ಸೊಂಟ ಹಿಡಿಯುತ್ತೆ. ಸೊಸೆ ಬಂದ್ರೆ ಅದೊಂದು ತಪ್ಪುತ್ತೆ ಅಂದ್ಕೊಂಡಿದ್ದೆ."

"ನಾನ್ ಹಾಕ್ತೀನಿ ಬಿಡಮ್ಮ" ಎಂದ ಹುಡುಗ.

"ನೀನಾ? ಎಂಟು ಗಂಟೆಗೆ ಏಳೋ ಮಹಾರಾಯ!"

"ಅಳಿಯಂದ್ರು ಏಳ್ಲಿಲ್ಲ ಅಂದ್ರೆ ತಣ್ಣೀರಲ್ಲಿ ಸ್ನಾನ ಮಾಡ್ಲಿ ಬಿಡಿ, ತಾನಾಗೇ ಏಳ್ತಾರೆ" ಎಂದೆ. ಆ ತಾಯಿಯ ತುಟಿ ಸ್ವಲ್ಪ ಸಡಿಲವಾಯಿತು. ಅದೇ ಸಮಯವೆಂದು ಮದುವೆಯ ಹೋಮದ ಮಾತು ತೆಗೆದೆ. ಪುರೋಹಿತರಿಗೆ ನಾನೇ ಹೇಳುತ್ತೇನೆ, ಒಣಗಿದ ಸೌದೆಯೇ ಆಗಬೇಕು, ಹೋಮ ಛತ್ರದ ಒಳಗೆ ಬೇಡ, ಅಂಗಳದ ಚಪ್ಪರದಲ್ಲಿ ಗಾಳಿ ಬೀಸುವ ಬದಿ ನೋಡಿಕೊಂಡು ಇಡೋಣ ಎಂದೆ. "ಶಾಸ್ತ್ರ ಕಮ್ಮಿ ಮಾಡಂಗಿಲ್ಲ" ಎಂದರು ಅವರು. "ಶಾಸ್ತ್ರ ಪೂರ್ತಿ ಇರ್ಲಿ, ಹೊಗೆ ಮಾತ್ರ ಕಮ್ಮಿ" ಎಂದೆ. ಅದಕ್ಕೂ ಒಪ್ಪಿದರು.

ಎಲ್ಲ ಮುಗಿಯಿತು ಎಂದು ನಾನು ಏಳುವಷ್ಟರಲ್ಲಿ ಒಳಗಿನಿಂದ ಹುಡುಗಿ ಬಂದು ಬಾಗಿಲ ಹತ್ತಿರ ನಿಂತಳು. ಮುಖ ಸೊರಗಿತ್ತು, ಮಾತು ಮಾತ್ರ ತಡೆಯಿಲ್ಲದೆ ಬಂತು. "ಚಿಕ್ಕಮ್ಮ, ನೀವೆಲ್ಲಾ ಹೊಗೆ ಮಾತಾಡಿದ್ರಿ. ನಂದೊಂದು ಐತೆ." ಅತ್ತೆಯ ಕಡೆ ತಿರುಗಿದಳು. "ನಾನು ಪಂಪನ್ನ ಟ್ರಂಕಿನಲ್ಲಿ ಬಚ್ಚಿಡಲ್ಲ. ನಡುಮನೇಲಿ, ಎಲ್ಲರಿಗೂ ಕಾಣೋ ಜಾಗದಲ್ಲಿ ಇಡ್ತೀನಿ. ಯಾರಾದ್ರೂ ನೆಂಟರು ಬಂದು ಅದೇನು ಅಂತ ಕೇಳಿದ್ರೆ ನಾನೇ ಹೇಳ್ತೀನಿ. ಅದಕ್ಕೆ ನೀವು ಬೇಜಾರು ಮಾಡ್ಕೋಬಾರದು."

ಇಷ್ಟು ವರ್ಷ ಎಷ್ಟೋ ಮನೆಗಳ ಮಾತುಕತೆಯಲ್ಲಿ ಕೂತಿದ್ದೇನೆ. ಬಂಗಾರ, ಛತ್ರ, ಊಟದೆಲೆ ಎಂದು ಎಳೆದಾಡಿದ್ದೇನೆ. ಮದುವೆಯಾಗುವ ಹುಡುಗಿಯೇ ಎದ್ದು ನಿಂತು ತನಗೇನು ಬೇಕು ಎಂದು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಕೇಳಿದ್ದಾದರೂ ಏನು? ಉಸಿರಾಡುವುದನ್ನು ಮುಚ್ಚಿಟ್ಟುಕೊಳ್ಳದೆ ಬದುಕುವ ಒಂದು ಜಾಗ. ಹೆಣ್ಣುಮಕ್ಕಳನ್ನು ಕೊಡುವವರಿಗೆ ನಾನು ಈಗ ಹೇಳುವ ಬುದ್ಧಿಮಾತೂ ಅದೇ: ಮಗಳ ಕಾಯಿಲೆಯನ್ನು ಮುಚ್ಚಿ ಕಳಿಸಿದರೆ ಅದರ ಔಷಧಿಯನ್ನೂ ಮುಚ್ಚಿಯೇ ತೆಗೆದುಕೊಳ್ಳಬೇಕಾಗುತ್ತದೆ, ಹಾಗೆ ತೆಗೆದುಕೊಳ್ಳುವ ಔಷಧಿ ಬಹಳ ದಿನ ನಡೆಯುವುದಿಲ್ಲ.

ಹುಡುಗನ ತಾಯಿ ಅವಳನ್ನು ನೋಡಿದರು. ಬೆಂಚಿನ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಹುಡುಗಿ ಹೋಗಿ ಕೂತಳು.

"ಅದನ್ನ ಬೆಳಿಗ್ಗೆ ಕಾಫಿಗೆ ಮುಂಚೆ ತಗೋಬೇಕೋ, ಆಮೇಲೋ?" ಎಂದು ಕೇಳಿದರು.

"ಯಾವಾಗಾದ್ರೂ ಆಗುತ್ತೆ ಅತ್ತೆ. ತಗೊಂಡ್ಮೇಲೆ ಬಾಯಿ ಮುಕ್ಕಳಿಸ್ಬೇಕು, ಅಷ್ಟೇ."

"ಹಂಗಾದ್ರೆ ಮುಂಚೇನೇ ತಗೋ. ಕಾಫಿ ಕುಡಿದು ಬಾಯಿ ಮುಕ್ಕಳಿಸಿದ್ರೆ ಕಾಫಿ ರುಚಿಯೆಲ್ಲಾ ಹೋಗುತ್ತೆ."