ಹುಡುಕಿದರೆ ನಾವೇ ಮೊದಲು

ನನಗೆ ಕಾಯುವುದು ಬರುವುದಿಲ್ಲ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುವ ಜಾತಿ ನಾನು. ಅಂಥವಳು ತೊಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟದ ಒಂದು ಕೋಣೆಯಲ್ಲಿ, ಗುರುತು ಪರಿಚಯವಿಲ್ಲದ ಯಾರದೋ ಒಂದು ಇಮೇಲ್‌ಗಾಗಿ ತಿಂಗಳುಗಟ್ಟಲೆ ಕಾದೆ.

ಕೋಣೆ ನನ್ನ ಗೆಳತಿಯ ಅಬ್ಬಾ ಅವರದು. ಅವರು ರೇಷ್ಮೆಗೂಡಿನ ವ್ಯಾಪಾರಿ. ನಾನು ಸಾದಲಿ ಕಡೆಯ ರೈತರ ಮನೆಯವಳು. ನಾವಿಬ್ಬರೂ ಚಿಕ್ಕಬಳ್ಳಾಪುರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತಿದ್ದೆವು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ನೂಲು ತೆಗೆಯಲು ಆಗುವುದಿಲ್ಲ. ಅದನ್ನು ಕತ್ತರಿಸಿ, ಬಣ್ಣ ಹಾಕಿ, ಹಾರ ಮಾಡುತ್ತಾರೆ. ಆ ಹಾರಗಳನ್ನು ವೆಬ್‌ಸೈಟಿನಲ್ಲಿಟ್ಟು ಹೊರದೇಶಕ್ಕೆ ಮಾರೋಣ ಎಂದವಳು ಅವಳು. ನಾನು ಕುಣಿದುಬಿಟ್ಟೆ.

ಅಬ್ಬಾ ಕುಣಿಯಲಿಲ್ಲ. "ನೋಡಮ್ಮ, ರಂಜಾನ್ ಹಬ್ಬದ್ ವರ್ಗೂ ರೂಮು ಕೊಡ್ತೀನಿ. ಹೊರಗಿನೋರು ಒಬ್ರು ಕೇಳ್ಕೊಂಡು ಬಂದ್ರೂ ಸಾಕು, ಆಮೇಲೂ ನಿಮ್ದೇ. ಇಲ್ದಿದ್ರೆ ಮೂಟೆ ಇಡಕ್ಕೆ ನಂಗೆ ಜಾಗ ಬೇಕು" ಎಂದರು. ಕೋಣೆ ಹೋದರೆ ಗೆಳತಿ ಮನೆಯೊಳಗೆ ಕೂರಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸೈಟು ತಯಾರಾಯಿತು. ಸಿಕ್ಕ ಸರ್ಚ್ ಎಂಜಿನ್‌ಗಳಿಗೆಲ್ಲ ವಿಳಾಸ ಕಳಿಸಿದೆವು. ಕೆಲವು ವಾರಗಳ ಮೇಲೆ ಒಂದರಲ್ಲಿ ನಮ್ಮ ಸರಕಿನ ಇಂಗ್ಲಿಷ್ ಹೆಸರು ಹಾಕಿ ಹುಡುಕಿದರೆ ನಾವೇ ಮೊದಲು! ಇಡೀ ಪ್ರಪಂಚಕ್ಕೇ ಮೊದಲು! ಗೆಳತಿ ಓಡಿಹೋಗಿ ಅಮ್ಮಿಯನ್ನು ಕರೆತಂದಳು. ಅವರು ಕಂಪ್ಯೂಟರ್ ಪರದೆಗೆ ದೃಷ್ಟಿ ತೆಗೆದರು.

ಆದರೆ ಇಮೇಲ್ ಮಾತ್ರ ಇಲ್ಲ. ನಾನು ಗಳಿಗೆಗೊಮ್ಮೆ ಮನೆಯ ಫೋನ್ ಲೈನಿನಲ್ಲೇ ಇಂಟರ್ನೆಟ್ ಕನೆಕ್ಟ್ ಮಾಡುತ್ತಿದ್ದೆ. ಫೋನು ಎಂಗೇಜ್ ಆಗಿ ಚಿಂತಾಮಣಿ ವ್ಯಾಪಾರಿಗಳ ಕರೆ ಅಬ್ಬಾಗೆ ಸಿಗದೆ ಅವರು ಗೊಣಗುತ್ತಿದ್ದರು. ಮೊದಲ ಸ್ಥಾನದಲ್ಲಿ ಕೂತರೂ ಒಬ್ಬನೂ ತಿರುಗಿ ನೋಡುವುದಿಲ್ಲವೆಂದರೆ ಏನರ್ಥ? ಊಟ ರುಚಿಸುತ್ತಿರಲಿಲ್ಲ. ಗೆಳತಿಯ ಮೇಲೂ ರೇಗುತ್ತಿದ್ದೆ.

ರಂಜಾನ್ ಉಪವಾಸ ಶುರುವಾದ ಮೇಲೆ, ಇನ್ನು ತಡೆಯಲಾರದೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ನಮಗೆ ಕಲಿಸಿದ ಮೇಷ್ಟ್ರು ತಾವೇ ಟೈಪ್ ಮಾಡಿ ಹುಡುಕಿದರು. ಪುಟದ ಮೇಲೆ ಪುಟ ತೆಗೆದರು. ನಾವು ಎಲ್ಲೂ ಇಲ್ಲ.

"ಏನಂತ ಹಾಕ್ತಿದ್ರಿ?" ಎಂದರು. ಟೈಪ್ ಮಾಡಿ ತೋರಿಸಿದೆ.

"ಸಿ ಆದ್ಮೇಲೆ ಓ ಬರ್ಬೇಕಮ್ಮ. ನೀವು ಎ ಹಾಕಿದೀರ."

"ಸಾರ್, ಗೂಡು ಬೆಳೆಯೋರು ನಾವು. ಅದರ ಸ್ಪೆಲಿಂಗ್ ನೀವು ಹೇಳ್ಕೊಡ್ತೀರಾ? ಶಿಡ್ಲಘಟ್ಟದಲ್ಲಿ ನಮ್ಮ ಬೀದೀಲಿ ಎಲ್ಲಾ ಬೋರ್ಡಲ್ಲೂ ಹಿಂಗೇ ಇದೆ!"

ಅವರು ಡಿಕ್ಷನರಿ ತೆರೆದು ನನ್ನ ಮುಂದಿಟ್ಟರು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಗೂಡಿಗೆ ಇಂಗ್ಲಿಷಿನಲ್ಲಿ 'ಕಕೂನ್' ಎಂದು ಬಾಯಲ್ಲಿ ಆಡಿದಂತೆಯೇ ನಮ್ಮ ಬೀದಿಯವರು ಬೋರ್ಡು ಬರೆಸಿದ್ದರು, ನಾವು ಬೋರ್ಡು ನೋಡಿ ಸೈಟು ಬರೆದಿದ್ದೆವು. ಹಾಗೆ ಬರೆದವರು ನಾವಷ್ಟೇ, ಹಾಗೆ ಹುಡುಕಿದವರೂ ನಾವಷ್ಟೇ.

ಅಂದೇ ತಿದ್ದಿ ಸರ್ಚ್ ಎಂಜಿನ್‌ಗಳಿಗೆ ಮತ್ತೆ ಕಳಿಸಿದೆವು. ಹೊಸದಾಗಿ ಸೇರಿಸಲು ವಾರಗಳೇ ಬೇಕು ಎಂಬ ಉತ್ತರ ಬಂತು. ಅಷ್ಟರಲ್ಲಿ ಹಬ್ಬವೇ ಮುಗಿಯುತ್ತಿತ್ತು.

ಹಬ್ಬ ಕಳೆದ ಮೇಲೆ ಹಮಾಲಿ ಮೂಟೆ ಹೊತ್ತು ಬಾಗಿಲಿಗೆ ಬಂದ, ಹಿಂದೆಯೇ ಅಬ್ಬಾ. ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೆಳತಿ ನನ್ನ ಕೈ ಅದುಮಿ, ನಡೆದದ್ದನ್ನೆಲ್ಲ ಹೇಳಿದಳು. ಅಬ್ಬಾ ನಕ್ಕುಬಿಟ್ಟರು.

"ನಮ್ಮಪ್ಪನ ಕಾಲದಿಂದ ಬೋರ್ಡು ಹಂಗೇ ಐತೆ. ಸ್ಪೆಲಿಂಗ್ ತಪ್ಪು ಅಂತ ಯಾವ ಗಿರಾಕಿ ವಾಪಸ್ ಹೋದ?"

"ಬಂದೋರೆಲ್ಲ ನೀವು ಗೊತ್ತಿರೋರು, ಅಬ್ಬಾ. ಗೊತ್ತಿಲ್ದೋರು ಹೆಂಗ್ ಬರ್ತಾರೆ?" ಎಂದಳು ಅವಳು.

"ನಾನು ಗೊತ್ತಿಲ್ದೋರು ಯಾರಿದಾರೆ ಈ ಲೈನಲ್ಲಿ?"

ಗೆಳತಿ ಪರದೆಯನ್ನು ಅವರ ಕಡೆ ತಿರುಗಿಸಿ, ಮೇಷ್ಟ್ರು ಹುಡುಕಿದಂತೆಯೇ ಹುಡುಕಿದಳು. ಜಪಾನು, ಇಟಲಿ, ಬ್ರೆಜಿಲ್‌ನ ಗೂಡಿನ ವ್ಯಾಪಾರಿಗಳ ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತಲೇ ಹೋದವು. ಅಬ್ಬಾ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದರು.

"ಶಿಡ್ಲಘಟ್ಟ ಎಲ್ಲಿ?" ಎಂದರು.

ಅವರ ಮುಖ ಸಣ್ಣಗಾಯಿತು. ಹಮಾಲಿಯ ಕಡೆ ತಿರುಗಿ, "ಇಲ್ಲಿ ಬೇಡ, ಮೂಟೆ ಮನೆ ಒಳಗೆ ಇಳ್ಸಪ್ಪ" ಎಂದರು.