ಅಕ್ಕ ತಂದ ಫ್ಲಾಪಿ

ನಮ್ಮವ್ವ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದಳು. ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಕೂಸು ಯಾವಾಗ ಹುಟ್ಟಿತೆಂದು ಕೇಳಿದರೆ, "ತೊಗರಿ ರಾಶಿ ಮಾಡೂ ಮುಂದ, ಅಮಾಸಿ ಮರುದಿನ, ಕಾಲು ಮುಂದಾಗಿ ಬಂದಿತ್ತು" ಎಂದು ಥಟ್ಟನೆ ಹೇಳುತ್ತಿದ್ದಳು. ವಯಸ್ಸಾದ ಮೇಲೆ ಜೇವರ್ಗಿಗೆ, ಅಕ್ಕ ಮತ್ತು ನಾನಿದ್ದ ಮನೆಗೆ ಬಂದಳು. ಅಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಟೈಪ್‌ರೈಟರಿನ ಪಕ್ಕದಲ್ಲಿ ಯಾರೋ ಬಳಸಿ ಮಾರಿದ ಒಂದು ಕಂಪ್ಯೂಟರ್. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವ್ವ ಹೇಳುತ್ತಾ ಹೋದಳು, ಅಕ್ಕ ಟೈಪ್ ಮಾಡುತ್ತಾ ಹೋದಳು. ಓಣಿಗೊಂದು ಫೈಲು. ಎರಡು ಬೇಸಿಗೆ ಹಿಡಿಯಿತು. ಮೂರನೆಯ ಬೇಸಿಗೆಗೆ ಅವ್ವ ಇರಲಿಲ್ಲ.

ಆ ವರ್ಷ ಕಂಪ್ಯೂಟರ್ ಮೇಲಿಂದ ಮೇಲೆ ನಿಂತುಹೋಗತೊಡಗಿತು. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕಿತ್ತು. ಫೈಲುಗಳನ್ನು ತೆಗೆದಿಡಲು ಅಕ್ಕ ಗುಲ್ಬರ್ಗದಿಂದ ಒಂದು ಫ್ಲಾಪಿ ತಂದುಕೊಟ್ಟಳು.

"ಮೊದಲ ಅವ್ವಂದು ತಗದಿಡು. ಆಮ್ಯಾಲ ಏನರ ಮಾಡ್ಕೊ."

ಪರದೆಯ ಮೇಲಿದ್ದ, ಓಣಿಗಳ ಹೆಸರು ಹೊತ್ತ ಫೈಲುಗಳ ಪುಟ್ಟ ಚಿತ್ರಗಳನ್ನು ಒಂದೊಂದಾಗಿ ಫ್ಲಾಪಿಗೆ ಎಳೆದು ಹಾಕಿದೆ. ಬೇಗ ಮುಗಿಯಿತು.

"ಇಷ್ಟ ಲಗೂನ ಆತೇನೋ? ಎದುರಂಗಡಿ ಕಂಪ್ಯೂಟರ್ ರಿಪೇರಿ ಅಣ್ಣಗ ಒಮ್ಮೆ ತೋರಸು."

"ಬರೀ ನಾಲ್ಕನೇತ್ತ ಸಾಲಿ ಕಲ್ತವ ಅಂತ ನಂಬಿಕಿ ಇಲ್ಲೇನು ನಿನಗ? ನೋಡಿಲ್ಲಿ" ಎಂದು ಫ್ಲಾಪಿಯಲ್ಲಿದ್ದ ಒಂದನ್ನು ಒತ್ತಿದೆ. ಅಗಸಿ ಓಣಿಯ ಕೂಸುಗಳೆಲ್ಲ ಪರದೆಯ ಮೇಲೆ ಬಂದವು. "ಆತು ಹಂಗಾರ" ಎಂದು ಅಕ್ಕ ಮನೆಗೆ ಹೊರಟಳು.

ಎಲ್ಲ ಅಳಿಸಿದೆ. ಹೊಸದು ಹಾಕಿದ ಮೇಲೆ ಫ್ಲಾಪಿಯಲ್ಲಿ ಚಿತ್ರಗಳೇನೋ ಇದ್ದವು, ಒಂದೂ ತೆರೆಯಲಿಲ್ಲ. ನಾನು ಎಳೆದು ಹಾಕಿದ್ದು ಬರೀ ಶಾರ್ಟ್‌ಕಟ್, ಫೈಲು ಎಲ್ಲಿದೆಯೆಂದು ತೋರಿಸುವ ಗುರುತು ಅಷ್ಟೇ ಎಂದು ಎದುರಂಗಡಿಯವನು ಆ ಸಂಜೆಯೇ ತಿಳಿಸಿ ಹೇಳಿದ. ಫೈಲುಗಳು ಕಂಪ್ಯೂಟರಿನೊಳಗೇ ಇದ್ದವು. ಅದಕ್ಕೇ ಮೊದಲು ತೆರೆದಿತ್ತು; ಅಳಿಸಿದಾಗ ಅವೂ ಹೋದವು.

ಮನೆಗೆ ಹೋಗಿ ನಾನು ಹೇಳಿದ್ದೇ ಬೇರೆ. "ಯಕ್ಕಾ, ನೀ ತಂದ ಫ್ಲಾಪಿ ಖರಾಬ್ ಅದ."

ಅವಳು ಬೈಯಲಿಲ್ಲ. "ಬಸ್ ತಪ್ಪತದಂತ ಗಡಿಬಿಡ್ಯಾಗ ತಂದೆ. ನಂದೇ ತಪ್ಪು" ಎಂದು ಅದನ್ನು ಸೆರಗಿನಿಂದ ಒರೆಸಿ, ಅವ್ವನ ಎಲೆಅಡಿಕೆ ಚೀಲದಲ್ಲಿಟ್ಟಳು.

ಕೆಲವು ತಿಂಗಳ ಮೇಲೆ, ಘತ್ತರಗಿ ದೇವಿಯ ದರ್ಶನಕ್ಕೆ ಹೊರಟಿದ್ದ ಕಿಣ್ಣಿಯ ಹೆಂಗಸೊಬ್ಬಳು ಮನೆಗೆ ಬಂದಳು. ಮಗಳ ಲಗ್ನ ಗೊತ್ತಾಗಿತ್ತು, ಹುಟ್ಟಿದ ದಿನ ಬೇಕಿತ್ತು.

"ಸೂಲಗಿತ್ತಿ ಆಯಿ ಎಲ್ಲಾ ಬರಸಿಟ್ಟಾಳಂತಲ್ರಿ?"

"ಬರಸಿದ್ಲವ್ವಾ. ಕೆಟ್ಟ ಫ್ಲಾಪಿ ತಂದು ನಾನೇ ಹಾಳು ಮಾಡಿದೆ" ಎಂದಳು ಅಕ್ಕ.

ನಾನು ಬಾಗಿಲಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು. ಇಂದಿಗೂ ಹೇಳಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದೆ. ಬಂದ ಹೆಂಗಸೇ ಅಕ್ಕನನ್ನು ಸಮಾಧಾನ ಮಾಡುತ್ತಿದ್ದುದು ಬೀದಿಯವರೆಗೂ ಕೇಳಿಸುತ್ತಿತ್ತು.